ಹಳ್ಳಿಯ ಶಾಲೆಗೆ ಬಂದ ಉಪಗ್ರಹ

ವಾಚಕರೇ, ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದುದು 1981ರಲ್ಲಿ. ಅದಕ್ಕೂ ಆರು ವರ್ಷ ಮುಂಚೆಯೇ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಾಡಿನ ಮಕ್ಕಳು ತಮ್ಮ ಶಾಲೆಯ ಪಾಠವನ್ನು ಟೆಲಿವಿಷನ್ನಿನಲ್ಲಿ ನೋಡುತ್ತಿದ್ದರೆಂದರೆ, ತಮ್ಮಲ್ಲಿ ಕೆಲವರಿಗಾದರೂ ನಂಬುವುದು ಕಷ್ಟವಾದೀತು. ಹೊಸ ವಸ್ತು ಯಾವುದೇ ಇರಲಿ, ಮೊದಲು ರಾಜಧಾನಿಗೆ, ಆಮೇಲೆ ಜಿಲ್ಲೆಯ ಪಟ್ಟಣಕ್ಕೆ, ಮಿಕ್ಕರೆ ಹಳ್ಳಿಗೆ ಎಂಬ ನಮ್ಮ ರೂಢಿ ಆ ಒಂದು ವರ್ಷ ತಲೆಕೆಳಗಾಗಿತ್ತು.

ಇದರ ಹಿಂದೆ ವಿಕ್ರಮ್ ಸಾರಾಭಾಯಿಯವರ ದೂರದೃಷ್ಟಿಯಿತ್ತು. 1969ರಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಸಾರಾಭಾಯಿಯವರು 1971ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಿದರು. ಹಳ್ಳಿಗೊಂದು ಸೆಟ್ಟು, ಅದಕ್ಕೆ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ, ಬೋಗುಣಿಯಾಕಾರದ ಆಂಟೆನಾ. ವಿದ್ಯುತ್ತಿಲ್ಲದೆಡೆ ಬ್ಯಾಟರಿ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಗಳಿಗೆಂದೇ ಮೀಸಲು. ಅಷ್ಟನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗಳು ಸಮನಾಗಿ ಹಂಚಿಕೊಳ್ಳಬೇಕು. ತಾವೇ ಲೆಕ್ಕ ಹಾಕಿರಿ: ಕನ್ನಡದ ಮಗುವಿನ ಪಾಲಿಗೆ ದಿನಕ್ಕೆ 22½ ನಿಮಿಷ! ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ ಎಂಬುದೂ ಒಂದು ಸ್ವಾರಸ್ಯ.

ಉಪಾಧ್ಯಾಯರನ್ನು ಮರೆಯಲಿಲ್ಲವೆಂಬುದೇ ಆ ಪ್ರಯೋಗದ ಹೆಚ್ಚುಗಾರಿಕೆ ಎಂದು ನನ್ನ ಎಣಿಕೆ. ಶಾಲೆಗೆ ರಜೆಯಿದ್ದಾಗ ಅದೇ ಸೆಟ್ಟಿನ ಮುಂದೆ ಸಾವಿರಾರು ಪ್ರಾಥಮಿಕ ಶಿಕ್ಷಕರು ಕುಳಿತು, ವಿಜ್ಞಾನವನ್ನು ಮಾಡಿ ತೋರಿಸಿ ಕಲಿಸುವ ಬಗೆಯನ್ನು ಅಭ್ಯಾಸ ಮಾಡಿದರು. ಟೆಲಿವಿಷನ್ ಪಾಠವೊಂದೇ ಸಾಲದೆಂದು ರೇಡಿಯೋ ಪಾಠ, ಅಚ್ಚಾದ ಕೈಪಿಡಿ, ಸಂದೇಹ ಬಂದರೆ ಕೇಳಲು ಪಕ್ಕದಲ್ಲೊಬ್ಬ ಮಾರ್ಗದರ್ಶಿ, ಇವೆಲ್ಲವನ್ನೂ ಜೋಡಿಸಿದ್ದರು.

ಫಲವೇನು? ಪರೀಕ್ಷಿಸಿ ನೋಡಿದವರಿಗೆ ಮಕ್ಕಳ ಭಾಷೆ ಬೆಳೆದುದು ಕಂಡಿತು. ಆದರೆ ಶಾಲೆಗೆ ಸೇರುವವರ ಸಂಖ್ಯೆ ಏರಲಿಲ್ಲ, ನಡುವೆ ಬಿಡುವವರ ಸಂಖ್ಯೆ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ದನ ಕಾಯಲು ಹೋದ ಹುಡುಗನನ್ನೂ, ತಮ್ಮನನ್ನು ಎತ್ತಿಕೊಂಡು ಮನೆಯಲ್ಲುಳಿದ ಹುಡುಗಿಯನ್ನೂ ಶಾಲೆಯೊಳಗಿನ ಪೆಟ್ಟಿಗೆ ಕರೆತರಲಾರದಷ್ಟೆ.

1976ರ ಜುಲೈ 31ಕ್ಕೆ ವಾಯಿದೆ ತೀರಿತು. ಅಮೆರಿಕದವರು ತಮ್ಮ ಉಪಗ್ರಹವನ್ನು ಹಿಂದಕ್ಕೆ ಒಯ್ದರು. ಗುಲ್ಬರ್ಗಾದಲ್ಲಿ 1977ರಲ್ಲಿ ಒಂದು ಪ್ರಸಾರ ಕೇಂದ್ರ ಬಂತು ನಿಜ. ಅದರ ಅಳವಿಗೆ ನಿಲುಕದ ಹಳ್ಳಿಗಳ ಪರದೆಗಳು ಬರಿದಾದುವು. 1983ರಲ್ಲಿ ನಮ್ಮದೇ ಇನ್ಸಾಟ್-1ಬಿ ಆಕಾಶಕ್ಕೇರಿದ ಮೇಲೆ ಶಾಲಾ ಪ್ರಸಾರ ಮತ್ತೆ ತೊಡಗಿತು. ಹಿಂದಿ, ಮರಾಠಿ, ಗುಜರಾತಿ, ಒರಿಯಾ, ತೆಲುಗು, ಹೀಗೆ ಐದು ಭಾಷೆಗಳು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ! ಎರವಲಿನ ಉಪಗ್ರಹದಲ್ಲಿ ದೊರೆತ 22½ ನಿಮಿಷ ಸ್ವಂತದ್ದರಲ್ಲಿ ದೊರೆಯದೆ ಹೋಯಿತು. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅದು ಹೋದ ಮೇಲೆ ಆ ಶಾಲೆಗಳಿಗೇನು ಗತಿ ಎಂಬ ಏರ್ಪಾಡು ಸಾಲದಾಯಿತು.

ನೀತಿಯ ಕಡೆಯಿಂದ ದೊಡ್ಡ ಹೆಜ್ಜೆ ಬಂದುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ. ಮರುವರ್ಷ ಮೊದಲಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಪ್ರತಿ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಕರಿಹಲಗೆ, ಭೂಪಟ ಇವನ್ನು ಒದಗಿಸುವೆನೆಂದಿತು. ಉಪಗ್ರಹದ ಪಾಠ ಬಂದು ಹೋಗಿ ಹನ್ನೊಂದು ವರ್ಷವಾದ ಮೇಲೆ ಕರಿಹಲಗೆಯ ಯೋಜನೆ ಬಂದಿತೆಂಬುದನ್ನು ತಾವು ಗಮನಿಸಬೇಕು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೊದಲಾದ ‘ನಲಿ-ಕಲಿ’ಯ ಕಥೆ ಬೇರೆಯೇ. ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು ರಟ್ಟಿನ ಕಾರ್ಡು, ಹಾಡು, ಆಟಗಳನ್ನು ತಾವೇ ಹೊಂದಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಲೇರುವಂತೆ ಮಾಡಿದರು. ಯುನಿಸೆಫ್ ನೆರವಿತ್ತು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಈ ನಡುವೆ ನಮ್ಮ ರೇಡಿಯೋವೂ ಸುಮ್ಮನಿರಲಿಲ್ಲ. ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಪಾಠಗಳನ್ನು ತಮ್ಮ ಮನೆಯ ಮಕ್ಕಳೂ ಕೇಳಿರಬಹುದು.

2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಚಂದನ ವಾಹಿನಿಯಲ್ಲಿ ಬಂದುವು, ಮೊಬೈಲಿನಲ್ಲಿ ಬಂದುವು. ಮೊಬೈಲಿಲ್ಲದ ಮನೆಗಳು ಸಾಕಷ್ಟಿದ್ದುವು. ಆಗಸ್ಟಿನಲ್ಲಿ ಸರ್ಕಾರವು ‘ವಿದ್ಯಾಗಮ’ವೆಂದು ಹೆಸರಿಟ್ಟು ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಗುಡಿಯ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಪಾಠ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿ, 2021ರ ಜನವರಿಯಲ್ಲಿ, ಈ ಬಾರಿ ಶಾಲೆಯ ಅಂಗಳದಲ್ಲೇ, ಮತ್ತೆ ತೊಡಗಿದರು.