ಕಿತ್ತಳೆ ಸಿಪ್ಪೆಯ ಬೆಳಕು

ಕಿತ್ತಳೆ ತಿಂದು ಸಿಪ್ಪೆ ಎಸೆಯುವುದು ನಮಗೆಲ್ಲ ರೂಢಿ. ಆ ಸಿಪ್ಪೆಯೊಳಗೆ ಒಂದು ಹಣತೆಯೂ ಅದಕ್ಕೆ ಬೇಕಾದ ಬತ್ತಿಯೂ ಒಟ್ಟಿಗೇ ಇವೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಅಂಗಡಿಯಲ್ಲಿ ಮೇಣದಬತ್ತಿ ಸಿಗುವಾಗ, ಕರೆಂಟು ಹೋದ ಕೂಡಲೇ ಮೊಬೈಲಿನ ಬೆಳಕು ಕೈಯಲ್ಲಿರುವಾಗ, ಅದು ಹೊಳೆಯಬೇಕಾದ ಅಗತ್ಯವೂ ಇಲ್ಲ. ಆದರೆ ಒಂದು ಕಾಲದಲ್ಲಿ ಕತ್ತಲೆಯನ್ನು ದೂರ ಮಾಡುವುದೆಂದರೆ ಬಡವರಿಗೆ ದಿನದಿನದ ಖರ್ಚಿನ ಮಾತಾಗಿತ್ತು. ಆ ಕಾಲದ ಬುದ್ಧಿವಂತಿಕೆಯ ಒಂದು ತುಣುಕು ಈ ಸಿಪ್ಪೆಯ ದೀಪದಲ್ಲಿ ಉಳಿದುಕೊಂಡಿದೆ.

ಮಾಡುವ ವಿಧಾನ ಬಹಳ ಸುಲಭ. ದಪ್ಪ ಸಿಪ್ಪೆಯ ಕಿತ್ತಳೆಯೊಂದನ್ನು ತೆಗೆದುಕೊಂಡು, ನಡುವಿನಲ್ಲಿ ಸುತ್ತಲೂ ಚಾಕುವಿನಿಂದ ಗೆರೆ ಎಳೆಯಬೇಕು. ಸಿಪ್ಪೆ ಮಾತ್ರ ಕತ್ತರಿಸಬೇಕು, ಒಳಗಿನ ತೊಳೆಗೆ ತಾಗಬಾರದು. ಆಮೇಲೆ ಹೆಬ್ಬೆರಳನ್ನು ಸಿಪ್ಪೆಯ ಅಡಿಗೆ ಮೆಲ್ಲಗೆ ತೂರಿಸಿ, ಒಂದು ಅರ್ಧವನ್ನು ಬಟ್ಟಲಿನಂತೆ ಬಿಡಿಸಬೇಕು. ಅವಸರ ಮಾಡದಿದ್ದರೆ ಹಣ್ಣಿನ ನಟ್ಟನಡುವೆ ಇರುವ ಬಿಳಿ ನಾರು ತುಂಡಾಗದೆ ಸಿಪ್ಪೆಗೆ ಅಂಟಿಕೊಂಡು, ಬಟ್ಟಲಿನ ಮಧ್ಯೆ ಕಡ್ಡಿಯಂತೆ ನಿಲ್ಲುತ್ತದೆ. ಇದೇ ಬತ್ತಿ. ಬಟ್ಟಲಿಗೆ ಸ್ವಲ್ಪ ಎಣ್ಣೆ ಹಾಕಿ, ಬತ್ತಿಯ ತುದಿಗೂ ಎಣ್ಣೆ ಸವರಿ, ಕೊಂಚ ಹೊತ್ತು ಬಿಟ್ಟು ಬೆಂಕಿ ತಾಗಿಸಬೇಕು. ಹಸಿ ನಾರು ಮೊದಲು ಚಟಚಟ ಎನ್ನುತ್ತದೆ, ಒಂದೆರಡು ಸಲ ಆರುತ್ತದೆ. ನೀರಿನಂಶ ಹೋದ ಮೇಲೆ ಉರಿ ನಿಲ್ಲುತ್ತದೆ. ಆಲಿವ್ ಎಣ್ಣೆಯೇ ಬೇಕೆಂದಿಲ್ಲ, ನಮ್ಮ ತೆಂಗಿನೆಣ್ಣೆಯೂ ಆಗುತ್ತದೆ. ಸಡಿಲ ಸಿಪ್ಪೆಯ ಕಿತ್ತಳೆಗಳಲ್ಲಿ ಹಲವು ಬಾರಿ ನಡುವಿನ ನಾರು ತೆಳ್ಳಗಿದ್ದು ನಿಲ್ಲುವುದಿಲ್ಲ. ಆಗ ಹತ್ತಿಯ ಬತ್ತಿಯನ್ನೇ ಹೊಸೆದು ಇಡಬೇಕು. ದೀಪವನ್ನು ತಟ್ಟೆಯ ಮೇಲಿಟ್ಟು, ಉರಿಯುವಷ್ಟು ಹೊತ್ತೂ ದೊಡ್ಡವರು ಹತ್ತಿರ ಇರಬೇಕು. ಎಣ್ಣೆ ಮುಗಿದರೆ ಸಿಪ್ಪೆಯೇ ಕರಟುತ್ತದೆ. ಸಿಪ್ಪೆಯ ಹೊರಮೈಯಲ್ಲಿಯೂ ಉರಿಯುವ ಎಣ್ಣೆಯಿದೆ. ಚಿಮಣಿ ದೀಪದ ಮುಂದೆ ಕಿತ್ತಳೆ ಸಿಪ್ಪೆ ಹಿಂಡಿ ಕಿಡಿ ಹಾರಿಸಿದ ಮಕ್ಕಳಿಗೆ ಇದು ಗೊತ್ತಿರುತ್ತದೆ. ಆ ಕಿಡಿಗೆ ಕಾರಣ ಲಿಮೊನೀನ್ ಎಂಬ ದ್ರವ.

ಇದನ್ನು ಮೇಣದಬತ್ತಿ ಎಂದು ಕರೆದರೂ ಇದರಲ್ಲಿ ಮೇಣವಿಲ್ಲ. ಆದರೆ ಮೇಣದಬತ್ತಿ ಉರಿಯುವುದೂ ಇದು ಉರಿಯುವುದೂ ಒಂದೇ ನಿಯಮದಿಂದ. ನಾರಿನ ಸಣ್ಣ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ, ತುದಿಯಲ್ಲಿ ಶಾಖಕ್ಕೆ ಆವಿಯಾಗಿ ಉರಿಯುತ್ತದೆ. ಶಾಲೆಯ ಪುಸ್ತಕಗಳು ಇದನ್ನು ಲೋಮನಾಳ ಕ್ರಿಯೆ ಎನ್ನುತ್ತವೆ. ಇದನ್ನು ಮಕ್ಕಳಿಗೆ ಅತ್ಯಂತ ಚೆನ್ನಾಗಿ ವಿವರಿಸಿದವರು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ, ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು ಅವರು. 1860ರ ಡಿಸೆಂಬರಿನಿಂದ 1861ರ ಜನವರಿಯವರೆಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡೇ ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟರು. ನೀರಿನ ಪಾತ್ರೆಯ ಅಂಚಿಗೆ ಬಿದ್ದ ಟವೆಲ್ಲು ನೀರನ್ನೆಲ್ಲ ಎಳೆದು ನೆಲಕ್ಕೆ ಸುರಿಸುವುದನ್ನು ಉದಾಹರಣೆ ಕೊಟ್ಟರು. ತಟ್ಟೆಯಲ್ಲಿ ಉರಿಯುವ ಮದ್ಯದ ನಡುವೆ ಒಣದ್ರಾಕ್ಷಿಗಳನ್ನಿಟ್ಟು, ಒಂದೊಂದು ದ್ರಾಕ್ಷಿಯೂ ಬತ್ತಿಯಂತೆ ಕೆಲಸ ಮಾಡುವುದನ್ನು ತೋರಿಸಿದರು. ಹಣ್ಣು ಬತ್ತಿಯಾಗಬಲ್ಲದು ಎಂಬುದು ಹೀಗೆ ವಿಜ್ಞಾನದ ವೇದಿಕೆಯನ್ನೂ ಏರಿತು.

ಆದರೆ ಫ್ಯಾರಡೆ ಹೇಳುವ ಮೊದಲೇ ಹಳ್ಳಿಯ ಹೆಂಗಸರಿಗೆ ಇದು ಗೊತ್ತಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ನೀರಿನಂಚಿನ ಜೊಂಡನ್ನು ಕೊಯ್ದು ತಂದು, ಮೇಲಿನ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳಿಗೆ ಆಸರೆಯಾಗಿ ಒಂದೇ ಒಂದು ಎಳೆ ಉಳಿಸುತ್ತಿದ್ದರು. ಅದನ್ನು ಒಣಗಿಸಿ, ಅಡುಗೆಯಲ್ಲಿ ಉಳಿದ ಕೊಬ್ಬಿನಲ್ಲಿ ಅದ್ದಿದರೆ ದೀಪ ಸಿದ್ಧ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1775ರಲ್ಲಿ ಬರೆದ ಪತ್ರವೊಂದರಲ್ಲಿ ಇದರ ಪೂರ್ತಿ ಲೆಕ್ಕ ಕೊಟ್ಟಿದ್ದಾರೆ. ಎರಡು ಅಡಿ ನಾಲ್ಕೂವರೆ ಇಂಚು ಉದ್ದದ ಒಂದು ಒಳ್ಳೆಯ ಜೊಂಡು 57 ನಿಮಿಷ ಉರಿಯಿತಂತೆ. ಮುದುಕರೂ ಮಕ್ಕಳೂ ಮಾಡಬಹುದಾದ ಕೆಲಸ ಇದಾಗಿತ್ತು.

ಈ ಲೆಕ್ಕಕ್ಕೆ ಯಾಕಿಷ್ಟು ಮಹತ್ವ ಎಂದರೆ, ಆಗ ಅಲ್ಲಿ ಬೆಳಕಿಗೂ ತೆರಿಗೆ ಇತ್ತು. ಬ್ರಿಟಿಷ್ ಸರಕಾರ 1709ರಲ್ಲಿ ಮೇಣದಬತ್ತಿಯ ಮೇಲೆ ಸುಂಕ ಹಾಕಿತು. ಪರವಾನಗಿ ಪಡೆದು ಸುಂಕ ಕಟ್ಟದೆ ಮನೆಯಲ್ಲಿ ಮೇಣದಬತ್ತಿ ಮಾಡಿಕೊಳ್ಳುವಂತಿರಲಿಲ್ಲ. 1831ರಲ್ಲಷ್ಟೇ ಈ ಸುಂಕ ರದ್ದಾಯಿತು. ಅಂದರೆ ಒಂದು ಶತಮಾನಕ್ಕೂ ಮಿಕ್ಕಿ, ಸುಂಕ ಕಟ್ಟದೆ ಮನೆಯಲ್ಲಿ ಮೇಣದಬತ್ತಿ ಮಾಡಿಕೊಳ್ಳುವುದು ಒಂದು ಅಪರಾಧವೇ ಆಗಿತ್ತು. ಒಂದೇ ಬಾರಿ ಕೊಬ್ಬಿನಲ್ಲಿ ಅದ್ದಿದ ಜೊಂಡಿನ ದೀಪಕ್ಕೆ ಮಾತ್ರ ವಿನಾಯಿತಿ ಇತ್ತು. ಮುಂದೆ ನಮ್ಮ ಕಡಲ ತೀರದಲ್ಲಿ ಉಪ್ಪಿಗೆ ಏನಾಯಿತೋ ಅದನ್ನು ಆ ಸರಕಾರ ಮೊದಲೇ ತನ್ನ ಬಡವರ ದೀಪಕ್ಕೆ ಮಾಡಿತ್ತು. ಶ್ರೀಮಂತರ ಮನೆಯಲ್ಲಿ ಜೇನುಮೇಣದ ಬತ್ತಿಗಳು ಸಾಲಾಗಿ ಉರಿಯುತ್ತಿದ್ದಾಗ, ಬಡವರ ಮನೆಯಲ್ಲಿ ಹೊಲಿಗೆ, ನೂಲು, ಓದು ಎಲ್ಲವೂ ಜೊಂಡಿನ ತಿರುಳಿನ ಬೆಳಕಿನಲ್ಲಿ ನಡೆದವು. ಚೀನಾದಲ್ಲೂ ಜೊಂಡಿನ ತಿರುಳೇ ಎಣ್ಣೆ ದೀಪದ ಬತ್ತಿಯಾಗಿತ್ತು. ಅಲ್ಲಿಯ ಭಾಷೆಯಲ್ಲಿ ಆ ಗಿಡದ ಹೆಸರೇ ದೀಪದ ಬತ್ತಿಯ ಹುಲ್ಲು ಎಂದು. ನಮ್ಮ ಕರಾವಳಿಯಲ್ಲಿ ಹೊನ್ನೆಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ ಹಣತೆಗಳಲ್ಲಿ ಉರಿದವು. ಅಲ್ಲಲ್ಲಿ ಏನು ಸಿಗುತ್ತದೋ ಅದರಿಂದಲೇ ಜನ ಬೆಳಕು ಮಾಡಿಕೊಂಡರು.

ಇದು ಬತ್ತಿಯ ಕಥೆಯಾಯಿತು. ಹಣತೆಯಾಗುವ ಸಿಪ್ಪೆಯ, ಅಂದರೆ ಹಣ್ಣಿನ ಕಥೆ ಇದಕ್ಕಿಂತ ದೀರ್ಘವಾದುದು. ನಿಂಬೆ, ಕಿತ್ತಳೆ, ಮಾದಲ, ಚಕ್ಕೋತ ಎಲ್ಲವೂ ಒಂದೇ ಕುಲದವು. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಈ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು ಎಂದು ಹೇಳಿದೆ. ನಮ್ಮ ಅಸ್ಸಾಮಿನ ಪೂರ್ವಭಾಗ, ಬರ್ಮಾದ ಉತ್ತರ, ಚೀನಾದ ಯುನ್ನಾನ್ ಸೇರುವ ಪ್ರದೇಶ ಅದು. ಅಲ್ಲಿಂದ ಹಣ್ಣು ಎಲ್ಲ ದಿಕ್ಕಿಗೂ ಹೊರಟಿತು.

ಪಶ್ಚಿಮಕ್ಕೆ ಅದನ್ನು ಕೊಂಡೊಯ್ದದ್ದರಲ್ಲಿ ಅರಬರ ಪಾತ್ರ ದೊಡ್ಡದು. ಮಾದಲ ಹಣ್ಣು ಅವರಿಗೆ ಮೊದಲೇ ಪರಿಚಿತ. ಕುರ್‌ಆನ್ ಓದುವ ಸತ್ಯವಿಶ್ವಾಸಿಯನ್ನು ಪರಿಮಳವೂ ರುಚಿಯೂ ಇರುವ ಉತ್ರುಜ್ಜ ಹಣ್ಣಿಗೆ ಹೋಲಿಸಿದ ಹದೀಸನ್ನು ಓದುಗರು ಬಲ್ಲರು. ಆ ಉತ್ರುಜ್ಜವೇ ನಮ್ಮ ಮಾದಲ. ಕಿತ್ತಳೆ ಬಂದದ್ದು ಆಮೇಲೆ. ಹತ್ತನೆಯ ಶತಮಾನದ ಇತಿಹಾಸಕಾರ, ಪ್ರವಾಸಿ ಅಲ್ ಮಸ್‌ಊದಿ ಇದನ್ನು ದಾಖಲಿಸಿದ್ದಾರೆ. ಹಿಜರಿ 300ರ ನಂತರ, ಅಂದರೆ ಕ್ರಿ.ಶ. 912ರ ಬಳಿಕ, ಕಿತ್ತಳೆ ಗಿಡ ಹಿಂದೂಸ್ತಾನದಿಂದ ಬಂತು. ಮೊದಲು ಒಮಾನಿನಲ್ಲಿ ನೆಟ್ಟರು. ಅಲ್ಲಿಂದ ಬಸರಾ, ಇರಾಕ್, ಸಿರಿಯಾಗಳಿಗೆ ಹೋಯಿತು. ಮುಂದೆ ಫೆಲೆಸ್ತೀನ್, ಈಜಿಪ್ಟ್‌ಗಳಲ್ಲೂ ಬೆಳೆಯಿತು. ಆದರೆ ಹಿಂದೂಸ್ತಾನದಲ್ಲಿ ಅದಕ್ಕಿದ್ದ ಬಣ್ಣವೂ ಸುವಾಸನೆಯೂ ಅಲ್ಲಿ ಉಳಿಯಲಿಲ್ಲವೆಂದು ಅವರು ಹೇಳುತ್ತಾರೆ. ಮಸ್‌ಊದಿ ನಮ್ಮ ಪಶ್ಚಿಮ ಕರಾವಳಿಗೆ ಸ್ವತಃ ಬಂದು ಹೋದವರು. ಹೀಗೆ ಪಶ್ಚಿಮ ಏಷ್ಯಾದಿಂದಲೂ ಉತ್ತರ ಆಫ್ರಿಕಾದಿಂದಲೂ ಹಬ್ಬಿ ಕಿತ್ತಳೆ ಅಂದಲುಸ್ ತಲುಪಿತು. ಹನ್ನೆರಡನೆಯ ಶತಮಾನದಲ್ಲಿ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಬರೆದ ಕೃಷಿ ಗ್ರಂಥದಲ್ಲಿ ಕಿತ್ತಳೆ, ನಿಂಬೆಗಳ ಬೇಸಾಯದ ವಿವರಗಳಿವೆ. ಇಂದಿಗೂ ಸೆವಿಲ್ಲೆಯ ಬೀದಿಗಳಲ್ಲಿ ಕಹಿ ಕಿತ್ತಳೆಯ ಮರಗಳು ಸಾಲಾಗಿ ನಿಂತಿವೆ.

ಹಣ್ಣಿನ ಜೊತೆಗೆ ಹೆಸರೂ ಪ್ರಯಾಣ ಮಾಡಿತು. ಮಲಯಾಳದಲ್ಲಿ ಇಂದಿಗೂ ನಿಂಬೆಗೆ ಚೆರುನಾರಂಙ ಎನ್ನುತ್ತಾರೆ. ಈ ನಾರಂಗ ಎಂಬುದರ ಮೂಲ ದ್ರಾವಿಡ ಭಾಷೆ ಎಂದು ಅನೇಕ ಭಾಷಾ ವಿದ್ವಾಂಸರು ನಂಬುತ್ತಾರೆ. ಅದು ಸಂಸ್ಕೃತಕ್ಕೆ ಹೋಗಿ, ಪಾರಸಿಯಲ್ಲಿ ನಾರಂಗ್, ಅರಬಿಯಲ್ಲಿ ನಾರಂಜ್, ಸ್ಪ್ಯಾನಿಷ್‌ನಲ್ಲಿ ನರಾಂಹ, ಕೊನೆಗೆ ಇಂಗ್ಲಿಷಿನಲ್ಲಿ ಆರೆಂಜ್ ಆಯಿತು. ನಮ್ಮ ನಿಂಬೆ ಲೀಮು, ಲೈಮೂನ್ ಆಗಿ ಲೆಮನ್ ಆಯಿತು. ಆಮೇಲೆ ಪೋರ್ಚುಗೀಸರು ಸಿಹಿ ಕಿತ್ತಳೆಯನ್ನು ಹಡಗಿನಲ್ಲಿ ಒಯ್ದು ಯುರೋಪಿನಲ್ಲಿ ಹರಡಿದಾಗ, ಜಗತ್ತಿಗೆ ನಾರಂಜ್ ಎಂಬ ಹೆಸರು ದಾಟಿಸಿದ ಅರಬರೇ ಅದಕ್ಕೆ ಪೋರ್ಚುಗಲ್ಲಿನ ಹೆಸರು ಹಿಡಿದು ಬುರ್ತುಕಾಲ್ ಎಂದು ಕರೆದರು. ಯಾರ ಹಣ್ಣು, ಯಾರ ಹೆಸರು ಎಂದು ಜಗಳ ಮಾಡಲು ಹೊರಟರೆ ಇಲ್ಲಿ ನ್ಯಾಯ ತೀರುವುದು ಕಷ್ಟ. ಮೋಂಬತ್ತಿ ಎಂಬ ಉರ್ದು ಪದವನ್ನೇ ನೋಡಿ. ಮೋಮ್ ಪಾರಸಿಯದು, ಬತ್ತಿ ಸಂಸ್ಕೃತದ ವರ್ತಿಯಿಂದ ಬಂದದ್ದು. ಎರಡೂ ಸೇರಿಯೇ ಒಂದು ದೀಪ.

ಹೋದಲ್ಲೆಲ್ಲ ಈ ಹಣ್ಣು ಬೆಳಕಿನ ಸಂಗಾತಿಯಾಯಿತು. ಬೆಂಗಳೂರಿನ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ಹೊತ್ತಿಗೆ ಹೆಂಗಸರು ನಿಂಬೆಹಣ್ಣಿನ ದೀಪ ಹಚ್ಚುವ ಪದ್ಧತಿ ಪ್ರಸಿದ್ಧ. ನಿಂಬೆಯನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯ ಒಳಭಾಗವನ್ನು ಹೊರಗೆ ಮಗುಚಿ ಬಟ್ಟಲು ಮಾಡುತ್ತಾರೆ. ಅದಕ್ಕೆ ಎಣ್ಣೆಯೋ ತುಪ್ಪವೋ ಹಾಕಿ ಹತ್ತಿಯ ಬತ್ತಿ ಇಡುತ್ತಾರೆ. ಮಗಳ ಮದುವೆ, ಗಂಡನ ಆರೋಗ್ಯ, ಮನೆಯ ಸಾಲ ಎಂದು ಒಬ್ಬೊಬ್ಬರಿಗೆ ಒಂದೊಂದು ಹರಕೆ. ಇನ್ನು ಕ್ರೈಸ್ತರಲ್ಲಿ, ಜರ್ಮನಿಯ ಮರೀನ್‌ಬೋರ್ನ್ ಎಂಬಲ್ಲಿ 1747ರಲ್ಲಿ ಮೊರೇವಿಯನ್ ಪಂಥದವರು ಮಕ್ಕಳ ಕೈಗೆ ಕೆಂಪು ಪಟ್ಟಿ ಸುತ್ತಿದ ಮೇಣದಬತ್ತಿ ಕೊಟ್ಟರು. ಕಾಲಾನಂತರ ಬತ್ತಿಯನ್ನು ಕಿತ್ತಳೆಯ ಮೇಲೆ ನೆಡುವ ರೂಢಿ ಬಂತು. ಇದರ ಹೆಸರು ಕ್ರಿಸ್ಟಿಂಗಲ್. ಅಲ್ಲಿ ಕಿತ್ತಳೆ ಎಂದರೆ ಜಗತ್ತು. 1968ರಲ್ಲಿ ಜಾನ್ ಪೆನ್ಸಮ್ ಎಂಬವರು ಅನಾಥ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದರ ಪರವಾಗಿ ಇದನ್ನು ಇಂಗ್ಲೆಂಡಿಗೆ ತಂದರು. ಈಗ ಅಲ್ಲಿಯ ಚರ್ಚುಗಳಲ್ಲಿ ಇದು ಮಕ್ಕಳ ಸಹಾಯಾರ್ಥ ಹಣ ಕೂಡಿಸುವ ಸಂದರ್ಭವೂ ಆಗಿದೆ.

ದೇವರ ಮುಂದಲ್ಲ, ಬರೀ ಕತ್ತಲ ಹಾದಿಗಾಗಿ ಮಾಡಿದ ದೀಪವೊಂದು ಚೀನಾದ ಸಾಹಿತ್ಯದಲ್ಲಿದೆ. ಬಿಂಗ್ ಶಿನ್ ಎಂಬ ಲೇಖಕಿ 1957ರಲ್ಲಿ ಬರೆದ ಪುಟ್ಟ ಕಥೆ ಅದು. ಹೆಸರೇ ಪುಟ್ಟ ಕಿತ್ತಳೆ ದೀಪ. 1945ರ ಯುದ್ಧದ ದಿನಗಳು, ಚೋಂಗ್‌ಚಿಂಗ್ ನಗರದ ಹೊರವಲಯ, ಚೀನೀ ಹೊಸವರ್ಷದ ಹಿಂದಿನ ದಿನ. ಎಂಟು ಒಂಬತ್ತು ವರ್ಷದ ಹುಡುಗಿಯೊಬ್ಬಳು ರಕ್ತ ಕಾರುತ್ತಿರುವ ತಾಯಿಗೆ ವೈದ್ಯರನ್ನು ಕರೆಯಲು ಟೆಲಿಫೋನ್ ಹುಡುಕಿಕೊಂಡು ಬರುತ್ತಾಳೆ. ತಂದೆ ಮನೆಯಲ್ಲಿಲ್ಲ. ಆಮೇಲೆ ಲೇಖಕಿ ಕಿತ್ತಳೆ ಹಿಡಿದುಕೊಂಡು ಅವಳ ಮನೆಗೆ ಹೋಗುತ್ತಾರೆ. ಹೊರಡುವಾಗ ಕತ್ತಲಾಗಿರುತ್ತದೆ. ಮಾತಾಡುತ್ತಲೇ ಹುಡುಗಿ ಒಂದು ಕಿತ್ತಳೆಯ ತೊಳೆ ತೆಗೆದು, ಸಿಪ್ಪೆಯ ಬಟ್ಟಲಿಗೆ ದಾರ ಕಟ್ಟಿ, ಕೋಲಿಗೆ ತೂಗು ಹಾಕಿ, ಒಳಗೆ ಮೇಣದಬತ್ತಿಯ ಚೂರು ಹಚ್ಚಿ ಕೊಡುತ್ತಾಳೆ. ಗುಡ್ಡದ ದಾರಿ ಜಾರುತ್ತದೆ, ಇದು ಬೆಳಕು ಕೊಡುತ್ತದೆ ಎಂಬುದು ಅವಳ ಕಾಳಜಿ. ಸಹಾಯ ಮಾಡಲು ಹೋದವರಿಗೆ, ಸಹಾಯ ಬೇಕಾಗಿದ್ದ ಮಗುವೇ ದಾರಿದೀಪ ಕೊಟ್ಟಿತು. ಚೀನಾದಲ್ಲಿ ಇದನ್ನು ಶಾಲೆಯ ಪಠ್ಯವಾಗಿ ಓದಿ ಬೆಳೆದವರು ಅಸಂಖ್ಯ.

ನಮ್ಮ ಮಂಗಳೂರಿನಲ್ಲೂ ಕಿತ್ತಳೆಯಿಂದ ಬೆಳಕು ಮಾಡಿದವರೊಬ್ಬರಿದ್ದಾರೆ. ಹರೇಕಳ ಹಾಜಬ್ಬ ಅವರು ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರಿದವರು, ಶಾಲೆಯ ಮೆಟ್ಟಿಲು ಹತ್ತದವರು. ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದ ವಿದೇಶೀಯರಿಗೆ ಉತ್ತರ ಕೊಡಲಾಗದ ನೋವೇ ಊರಿನ ಮಕ್ಕಳಿಗೊಂದು ಶಾಲೆ ಬೇಕು ಎಂಬ ಹಟವಾಯಿತು. ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ನಿಂತಿತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಕಿತ್ತಳೆ ಸಿಪ್ಪೆಯ ದೀಪದ ಬಗ್ಗೆ ಬರೆಯುವಾಗ ಅವರನ್ನು ನೆನೆಯದಿರಲು ನಮಗೆ ಸಾಧ್ಯವಾಗಲಿಲ್ಲ.

ಇತಿಹಾಸದ ಪುಸ್ತಕಗಳು ಅರಮನೆಯ ತೂಗುದೀಪಗಳನ್ನು ವರ್ಣಿಸುತ್ತವೆ. ಆದರೆ ರಾತ್ರಿ ಮಗುವಿಗೆ ಹಾಲು ಕುಡಿಸಿದ್ದು, ರೋಗಿಯ ತಲೆಗೆ ಒದ್ದೆ ಬಟ್ಟೆ ಹಾಕಿದ್ದು, ಪಾಠ ಓದಿದ್ದು ಜನಸಾಮಾನ್ಯರ ಸಣ್ಣ ದೀಪಗಳ ಮುಂದೆ. ಅಂಥ ದೀಪಗಳನ್ನು ಮಾಡಿದ ಕೈಗಳಿಗೆ ಹೆಸರಿಲ್ಲ, ಪೇಟೆಂಟೂ ಇಲ್ಲ. ಸಂಸ್ಕೃತಿ ಎಂಬುದು ಒಬ್ಬರ ಖಾಸಗಿ ಆಸ್ತಿ, ಉಳಿದವರು ಅದನ್ನು ಮುಟ್ಟಬಾರದು ಎಂಬ ಮಾತು ಕೇಳಿಬರುವಾಗ ಈ ಸಿಪ್ಪೆಯ ದೀಪವನ್ನು ಒಮ್ಮೆ ನೆನೆಯಬೇಕು. ಇದರ ಹಣ್ಣು ಹಿಮಾಲಯದ ತಪ್ಪಲಿನದು, ಹೆಸರು ದಕ್ಷಿಣದ್ದು, ಸಾಗಿಸಿದವರಲ್ಲಿ ಅರಬರೂ ಪೋರ್ಚುಗೀಸರೂ ಇದ್ದರು. ಹಚ್ಚಿದವರಲ್ಲಿ ಹರಕೆಯ ತಾಯಂದಿರೂ ಚರ್ಚಿನ ಮಕ್ಕಳೂ ಇದ್ದಾರೆ.

ಮುಂದಿನ ಸಲ ಮನೆಗೆ ಕಿತ್ತಳೆ ತಂದಾಗ ಮಕ್ಕಳನ್ನು ಕೂರಿಸಿಕೊಂಡು ಇದನ್ನೊಮ್ಮೆ ಮಾಡಿ ನೋಡಿ. ನಾರು ಒಂದೆರಡು ಬಾರಿ ತುಂಡಾದೀತು. ತೊಂದರೆಯಿಲ್ಲ, ಹಣ್ಣು ತಿನ್ನಲು ಸಿಗುತ್ತದೆ. ದೀಪ ಹತ್ತಿಕೊಂಡ ಮೇಲೆ ಅದು ಉರಿಯುವಷ್ಟು ಹೊತ್ತು ಈ ಹಣ್ಣು ನಡೆದು ಬಂದ ದಾರಿಯನ್ನು ಅವರಿಗೆ ಹೇಳಬಹುದು.