ಕವದಿ ಕಲಿಸಿದ ಪಾಠ

ಹಳೆಯ ಸೀರೆಗಳನ್ನೂ ಉಳಿದ ಬಟ್ಟೆಯ ಪಟ್ಟಿಗಳನ್ನೂ ಪದರಪದರವಾಗಿ ಜೋಡಿಸಿ ಹೊಲಿದ ಕವದಿಯನ್ನು ಹೊದ್ದು ಬೆಳೆದವರು ನಾವು. ಉತ್ತರ ಕನ್ನಡದ ಶಾಲೆಯೊಂದರಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ ಅದೇ ಕವದಿ ನನಗೊಂದು ಪಾಠ ಕಲಿಸಿತು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದರೆಂದು ವರ್ಷವರ್ಷವೂ ಹೇಳಿಕೊಡುತ್ತಿದ್ದೆ. ಅವರು ಆಫ್ರಿಕದಿಂದ ಗುಲಾಮರನ್ನು ತಂದುದನ್ನಾಗಲಿ, ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡು ಸೇರಿದುದನ್ನಾಗಲಿ ಹೇಳಿದವನಲ್ಲ. ಅಂಥವರ ಸಂತತಿಯಾದ ಸಿದ್ದಿ ಮಕ್ಕಳು ನನ್ನೆದುರಿನ ಬೆಂಚಿನಲ್ಲಿಯೇ ಕುಳಿತಿದ್ದರು!

ಒಮ್ಮೆ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋದಾಗ ಆಕೆಯ ತಾಯಿ ಕವದಿ ಹೊಲಿಯುತ್ತಿದ್ದರು. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅಳತೆಪಟ್ಟಿಯಿಲ್ಲ, ನಕ್ಷೆಯಿಲ್ಲ. ತುಂಡುಗಳ ಅಂಚು ಮಡಿಚಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾಲುಹೊಲಿಗೆ ಹಾಕುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಿಚಿ ಮಾಡಿದ ‘ಫೂಲ’, ಅಂದರೆ ಹೂವು. ಅದಿಲ್ಲದಿದ್ದರೆ ಕವದಿ ಬೆತ್ತಲೆಯೆಂದು ಅವರ ಭಾವನೆ.

ಆ ತಾಯಿ ಒಂದೊಂದು ತುಂಡನ್ನೂ ಬೆರಳಿಟ್ಟು ತೋರಿಸಿದರು: ಇದು ಅತ್ತೆಯ ಸೀರೆ, ಇದು ತೀರಿಹೋದ ಮಗನ ಅಂಗಿ. ನನ್ನ ಪಠ್ಯಪುಸ್ತಕದಲ್ಲಿ ಇಲ್ಲದ ಚರಿತ್ರೆ ಅಲ್ಲಿತ್ತು.

2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕವದಿಗಳು ಈಗ ವಿದೇಶದ ಪ್ರದರ್ಶನಗಳಿಗೂ ಹೋಗಿವೆ. ನಾನು ಮಾತ್ರ ತಡವಾಗಿ ಕಲಿತೆ. ಅಂದು ನನ್ನ ತರಗತಿಯಲ್ಲಿದ್ದವರು 1510ರ ಆ ಪಾಠಕ್ಕೆ ಇಷ್ಟನ್ನು ಸೇರಿಸಿಕೊಂಡು ಓದಬೇಕೆಂದು ಈ ಮೇಷ್ಟರ ವಿನಂತಿ.