ಬೀಗ ಹಾಕಿದ ಕೋಣೆ, ಮೈಸೂರಿನ ಬುತ್ತಿ

1982ರಲ್ಲಿ ಭಾರತದ ಮೊದಲ ಗಗನಯಾತ್ರಿಯ ಆಯ್ಕೆ ನಡೆಯುತ್ತಿದ್ದಾಗ ರಾಕೇಶ್ ಶರ್ಮಾ ಅವರನ್ನು ಬೆಂಗಳೂರಿನ ವಾಯುಪಡೆ ನೆಲೆಯ ಒಂದು ಕೋಣೆಯಲ್ಲಿ 72 ಗಂಟೆ ಕೂಡಿಹಾಕಿದ್ದರು. ಹಗಲು ರಾತ್ರಿಯ ಗುರುತು ಸಿಗದ ಕೃತಕ ದೀಪ, ನಾಲ್ಕು ಗೋಡೆ. ಮುಚ್ಚಿದ ಜಾಗದ ಭಯ ಮನಸ್ಸಿನ ಮೂಲೆಯಲ್ಲಿ ಅಡಗಿದೆಯೇ ಎಂದು ನೋಡುವ ಪರೀಕ್ಷೆ ಅದು. ದೀರ್ಘ ಯಾನಗಳ ಒಂಟಿತನದ ಚರಿತ್ರೆಯನ್ನು ಸಾಮಾನ್ಯವಾಗಿ ಇಂಥ ಕೋಣೆಗಳ ಕತೆಯಾಗಿ, ಮನಶ್ಶಾಸ್ತ್ರದ ಅಧ್ಯಾಯವಾಗಿ ಬರೆಯುತ್ತಾರೆ. ಕರ್ನಾಟಕದ ಮಟ್ಟಿಗೆ ಅದನ್ನು ಬುತ್ತಿಯ ಚರಿತ್ರೆಯಾಗಿ ಓದಬೇಕೆಂಬುದು ನನ್ನ ವಾದ.

ಈ ವಾದಕ್ಕೆ ಧ್ರುವಯಾನದ ಹಳೆಯ ದಾಖಲೆಗಳಲ್ಲೇ ಆಧಾರವಿದೆ. 1898ರ ಮಾರ್ಚಿನಲ್ಲಿ ‘ಬೆಲ್ಜಿಕಾ’ ಹಡಗು ಅಂಟಾರ್ಕ್ಟಿಕದ ಮಂಜುಗಡ್ಡೆಗೆ ಸಿಕ್ಕಿ ಒಂದು ವರ್ಷ ಅಲ್ಲೇ ಉಳಿಯಿತು. ಎರಡು ತಿಂಗಳಿಗೂ ಮಿಕ್ಕಿ ಸೂರ್ಯನಿಲ್ಲ, ದಿನಬೆಳಗಾದರೆ ಅದೇ ಡಬ್ಬಿಯೂಟ. ನಾವಿಕರು ಮಂಕಾದರು, ಒಬ್ಬನ ಬುದ್ಧಿಯೇ ಕದಡಿತು. ವೈದ್ಯ ಫ್ರೆಡರಿಕ್ ಕುಕ್ ಕಂಡುಕೊಂಡ ಮದ್ದು ಎರಡು: ಒಲೆಯ ಕಾವಿಗೆ ಮೈಯೊಡ್ಡಿ ಕೂರುವುದು, ಪೆಂಗ್ವಿನ್ ಮತ್ತು ಸೀಲಿನ ತಾಜಾ ಮಾಂಸ ತಿನ್ನುವುದು.    

ನಮ್ಮಲ್ಲಿ ದೂರ ಹೋದವರ ಊಟ ನೋಡಿಕೊಳ್ಳುವ ಕೆಲಸ ಮೈಸೂರಿನ ಪಾಲಿಗೆ ಬಂತು. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯಕ್ಕೆ ಮೊದಲ ಚಿಂತೆ ಗಡಿಯ ಸೈನಿಕನ ಊಟ. 1984ರ ಏಪ್ರಿಲ್ 3ರಂದು ಹೊರಟ ಶರ್ಮಾ ಅವರ ಜೊತೆ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಈ ಪ್ರಯೋಗಾಲಯದ ರವೆ ಹಲ್ವಾ, ಆಲೂ ಛೋಲೆ, ತರಕಾರಿ ಪಲಾವ್ ಹೋದವು. ಹಲ್ವಾ ಎಂದರೇನು, ನಮ್ಮ ಕೇಸರಿಬಾತಿನ ಉತ್ತರದ ನೆಂಟ! ಶರ್ಮಾ ಎಂಟು ದಿನದ ಅತಿಥಿ. ಅಲ್ಲಿ ಆಗಲೇ ಬಿಡಾರ ಹೂಡಿದ್ದ ಮೂವರು ಸೋವಿಯತ್ ಯಾತ್ರಿಗಳು ಇಳಿದದ್ದು ಒಟ್ಟು 237 ದಿನಕ್ಕೆ. ಅದೇ ವರ್ಷ ಅಂಟಾರ್ಕ್ಟಿಕದ ‘ದಕ್ಷಿಣ ಗಂಗೋತ್ರಿ’ ನೆಲೆಯಲ್ಲಿ 12 ಭಾರತೀಯರು ಮೊದಲ ಬಾರಿಗೆ ಚಳಿಗಾಲ ಕಳೆದರು. ಅಲ್ಲಿ ಅಂಚೆ ಕಚೇರಿಯನ್ನೂ ತೆರೆದದ್ದು ಆಗಲೇ, ಆದರೆ ಕಾಗದ ಬರಬೇಕಾದರೆ ಹಡಗು ಬರಬೇಕಿತ್ತು. ಅಂಟಾರ್ಕ್ಟಿಕ ಯಾನಗಳಿಗೂ ಮೈಸೂರಿನ ಆಹಾರ ಹೋಗಿದೆ.

ಬುತ್ತಿಯ ಹಳೆಯ ಸೂತ್ರ ಸರಳ: ನೀರು ತೆಗೆ, ಹುಳಿ, ಉಪ್ಪು, ಎಣ್ಣೆ ಏರಿಸು. ಬೆಂಗಳೂರಿನ ಗಾಂಧಿಬಜಾರಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಪುಳಿಯೋಗರೆ ಗೊಜ್ಜಿನ ಮೇಲೆ ಬೆರಳುದ್ದ ಎಣ್ಣೆ ತೇಲುತ್ತಿರುವುದು ಇದಕ್ಕೇ. “ಅಮೆರಿಕಕ್ಕಾ ಅಮ್ಮಾ? ಹಂಗಾದ್ರೆ ಎರಡು ಕವರ್ ಹಾಕ್ತೀನಿ” ಅನ್ನುತ್ತಾನೆ ಹುಡುಗ. ಪ್ರಯೋಗಾಲಯ ಹಿಡಿದ ದಾರಿ ಬೇರೆ. ಪ್ಲಾಸ್ಟಿಕ್ಕಿನ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆಯಿಟ್ಟ ಚೀಲದಲ್ಲಿ ಅಡುಗೆ ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿ ಕಾಯಿಸುವುದು. ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಕೆಡದು. ಈ ತಂತ್ರ ಬಸವನಗುಡಿಯ ಮಗ್ಗುಲಿನ ಮಾವಳ್ಳಿಗೂ ಬಂತು. 1924ರಲ್ಲಿ ಹುಟ್ಟಿದ ಎಂ.ಟಿ.ಆರ್. ತುರ್ತುಪರಿಸ್ಥಿತಿಯ ದರ ಕಟ್ಟಳೆಗೆ ಹೋಟೆಲು ಮುಚ್ಚಿ ಸಿದ್ಧ ಪುಡಿಗಳ ವ್ಯಾಪಾರಕ್ಕೆ ಇಳಿದಿತ್ತು. ಮುಂದೆ ಮೈಸೂರಿನ ಈ ತಂತ್ರಜ್ಞಾನ ಪಡೆದು ಊಟವನ್ನೇ ಪೊಟ್ಟಣದಲ್ಲಿಟ್ಟಿತು. ಸೈನಿಕನಿಗೆಂದು ಹುಟ್ಟಿದ್ದು ಹಾಸ್ಟೆಲಿನ ಹುಡುಗನ ಪೆಟ್ಟಿಗೆ ಸೇರಿತು.

ಬಾಹ್ಯಾಕಾಶದಲ್ಲಿ ರುಚಿಗೆ ಇನ್ನೊಂದು ತೊಡಕಿದೆ. ದೇಹದ ದ್ರವ ತಲೆಯತ್ತ ಏರಿ ಮೂಗು ಕಟ್ಟುತ್ತದೆ, ನಾಲಿಗೆ ಸಪ್ಪೆಯಾಗುತ್ತದೆ, ಖಾರ ಬೇಕೆನಿಸುತ್ತದೆ. ಹಾಗಂತ ನಿಪ್ಪಟ್ಟು ಕೊಂಡೊಯ್ಯುವಂತಿಲ್ಲ. ಚೂರು ತೇಲಿ ಕಣ್ಣಿಗೂ ಯಂತ್ರಕ್ಕೂ ಬಿದ್ದೀತು. ಕುರುಕಲಿಲ್ಲದ ಸಂಜೆಯನ್ನು ನಮ್ಮೂರಿನವನು ಹೇಗೆ ತಳ್ಳುತ್ತಾನೋ!

2025ರ ಜುಲೈನಲ್ಲಿ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಮೂವರು ಹತ್ತು ದಿನ ಬಾಹ್ಯಾಕಾಶ ನೌಕೆಯ ಮಾದರಿಯೊಳಗೆ ಪರೀಕ್ಷೆಗೆ ಕುಳಿತರು. 1982ರಲ್ಲಿ ಮೂರು ದಿನ, ಒಬ್ಬರೇ. ಈಗ ಹತ್ತು ದಿನ, ಮೂವರು. ಒಬ್ಬ ಭಯಪಡುತ್ತಾನೆಯೇ ಎಂಬ ಪ್ರಶ್ನೆಗಿಂತ, ಮೂವರು ಒಬ್ಬರನ್ನೊಬ್ಬರು ಸಹಿಸುತ್ತಾರೆಯೇ ಎಂಬುದು ಮುಂದೆ ಬಂದಂತಿದೆ. ಆ ಹೊತ್ತಿಗೆ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಅವರ ಜೊತೆ ಹೋಗಿದ್ದವು. ಜೂನ್ 28ರಂದು ಪ್ರಧಾನಿಯೊಡನೆ ಮಾತಾಡುವಾಗ ಅವರು ಹೇಳಿದ್ದು ತಾವು ತಿಂದದ್ದನ್ನಲ್ಲ, ಬೇರೆ ದೇಶಗಳ ಜೊತೆಗಾರರನ್ನು ಕೂರಿಸಿಕೊಂಡು ಹಂಚಿದ್ದನ್ನು.